ಹದ್ದಿನ ದಂಡು, ಗುಬ್ಬಿಯ ಕಣಜ

ಹಕ್ಕಿಗಳೆಲ್ಲ ಸೇರಿ ಆರಿಸಿದ ಅಧ್ಯಕ್ಷ ಹದ್ದು. ದಂಡು ಅದರ ಮಾತು ಕೇಳುತ್ತಿತ್ತು. ದಂಡಿಗೆ ಬುತ್ತಿ ಕೊಡುವ ಕಣಜ ಮಾತ್ರ ಗುಬ್ಬಿಗಳ ಸಭೆ ಒಪ್ಪಿದರಷ್ಟೇ ತೆರೆಯುತ್ತಿತ್ತು. ಒಂದು ಬೆಳಿಗ್ಗೆ ಗುಡ್ಡದಾಚೆಯಿಂದ ದೊಡ್ಡ ಹಿಂಡೊಂದು ಬರುವುದು ಕಂಡಿತು.

“ಶತ್ರುಗಳು ಬಂದರು. ದಂಡು ಹೊರಡಬೇಕು, ಕಣಜ ತೆಗೆ,” ಎಂದಿತು ಹದ್ದು.

“ಸಭೆ ಸೇರಲಿ, ಅಧ್ಯಕ್ಷರೇ,” ಎಂದಿತು ಕಣಜ ಕಾಯುವ ಮುದಿ ಗುಬ್ಬಿ.

“ನನ್ನ ಅಪ್ಪಣೆ ಸಾಲದೇ?”

“ಸಾಲುವಂತಿದ್ದರೆ ನಿಮ್ಮನ್ನು ರಾಜ ಎನ್ನುತ್ತಿದ್ದೆವು.”

ಹದ್ದು ಸಿಟ್ಟಿನಿಂದ ಕೊಂಬೆಯನ್ನು ಪರಚುತ್ತ ಕಾಯಿತು. ಸಭೆ ಮುಗಿಯುವ ಮೊದಲೇ ಹಿಂಡು ಬಂದಿಳಿಯಿತು. ಕಾಡ್ಗಿಚ್ಚಿಗೆ ಗೂಡು ಕಳೆದುಕೊಂಡ ಪಾರಿವಾಳಗಳು, ಜೊತೆಗೆ ಈಗಷ್ಟೇ ಹಾರಲು ಕಲಿತ ಮರಿಗಳು.

ಹದ್ದು ತನ್ನ ಉಗುರುಗಳನ್ನೇ ನೋಡಿಕೊಂಡಿತು.

“ತಾಯಿ, ನೀವು ಹೂಂ ಅಂದಿದ್ದರೆ ಇವು ಈಗ ಕೆಂಪಾಗಿರುತ್ತಿದ್ದವು. ನಿಮ್ಮ ಉಪಕಾರ ಮರೆಯಲಾರೆ,” ಎಂದು ಮುದಿ ಗುಬ್ಬಿಗೆ ತಲೆಬಾಗಿತು. “ಈ ಮರಿಗಳಿಗಾದರೂ ಕಣಜ ತೆಗೆಯಬಹುದೇ?”

“ಸಭೆಯನ್ನು ಕೇಳಿ ಬರುತ್ತೇನೆ,” ಎಂದಿತು ಗುಬ್ಬಿ.

ಹದ್ದು ಮತ್ತೆ ಕಾಯಿತು. ಈ ಸಲ ಕೊಂಬೆಯ ಮೇಲೆ ಒಂದು ಗೀರೂ ಬೀಳಲಿಲ್ಲ.