ಬೋರಲಾದ ಎಲೆ

ಯಾರ ಪಂಕ್ತಿಯಲ್ಲಿ ಕುಳಿತವರನ್ನು ಎಬ್ಬಿಸುವ ವಾಡಿಕೆಯಿಲ್ಲವೋ, ಹಸಿದು ಬಂದವರ ಹಣೆ ನೋಡದೆ ಯಾರು ಬಡಿಸುವರೋ, ಆ ಪರಮಾತ್ಮನ ಪಾದಕ್ಕೆ ಮೊದಲು ತಲೆಬಾಗಿ ಈ ಪ್ರಸಂಗವನ್ನು ಹೇಳತೊಡಗುತ್ತೇವೆ.

ಪೂಜ್ಯ ಅಡವೆಯ್ಯ ಅಜ್ಜನವರು ಮಲಪ್ರಭೆಯ ದಂಡೆಯ ಮೇಲೆ, ಯಾರೋ ಬಿಟ್ಟುಹೋದ ಸುಣ್ಣದ ಭಟ್ಟಿಯ ಪಕ್ಕದ ತಗಡಿನ ಚಪ್ಪರದಲ್ಲಿ ವಾಸವಾಗಿದ್ದ ಕಾಲವದು. ಮಠವೆನ್ನಲು ಗೋಡೆಯಿಲ್ಲ, ಪೀಠವೆನ್ನಲು ಒಂದು ಹರಕು ಕಂಬಳಿ. ಅಜ್ಜನವರು ಯಾರಿಗೂ ದೀಕ್ಷೆ ಕೊಟ್ಟವರಲ್ಲ. ಯಾರಾದರೂ ಕೇಳಿದರೆ, "ಮೊದಲ ಉಣ್ರಿ, ದೇವರ ಮಾತು ಆಮ್ಯಾಲ" ಎನ್ನುವರು. ಮಧ್ಯಾಹ್ನವಾಯಿತೆಂದರೆ ಚಪ್ಪರದ ಕೆಳಗೆ ಮುತ್ತುಗದ ಎಲೆಗಳ ಸಾಲು. ಜೋಳದ ನುಚ್ಚು, ಮಜ್ಜಿಗೆ, ಯಾರಾದರೂ ತಂದುಕೊಟ್ಟರೆ ಬದನೆಕಾಯಿ ಪಲ್ಯ. ಆ ಎಲೆಗಳನ್ನು ಹಾಕುವ ಸೇವೆ ಮಾಗುಂಡಪ್ಪನದು.

ಮಾಗುಂಡಪ್ಪ ನೂಲಿಗೆ ಬಣ್ಣ ಹಾಕುವವನು. ಎಷ್ಟು ತಿಕ್ಕಿ ತೊಳೆದರೂ ಅವನ ಉಗುರ ಸಂದಿಯ ನೀಲಿ ಹೋಗುತ್ತಿರಲಿಲ್ಲ. ಹುಟ್ಟಿದ್ದು ಜ್ಯೋತಿಪಂಥದ ಮನೆತನದಲ್ಲಿ. ಆ ಪಂಥದ ಮಠದಲ್ಲೊಂದು ದೀಪ. ಮೂಲಗುರುಗಳು ಹಚ್ಚಿದಂದಿನಿಂದ ಅದು ಒಮ್ಮೆಯೂ ಆರಿಲ್ಲವೆಂಬುದೇ ಅವರ ನಂಬಿಕೆಯ ಬೇರು. ಎಣ್ಣೆ ಹಾಕುವ ಪಾಳಿ ಮಾಗುಂಡಪ್ಪನದಿದ್ದ ಒಂದು ದಿನ ಬಿರುಗಾಳಿ ಬೀಸಿ, ಕಿಟಕಿ ಬಡಿದು, ದೀಪ ಆರಿಹೋಯಿತು. ಓಡಿ ಬಂದ ಮಠದ ಹಿರಿಯರೊಬ್ಬರು ಕಡ್ಡಿ ಗೀರಿ ಹಚ್ಚಿ, "ನೀ ಏನೂ ನೋಡಿಲ್ಲ" ಎಂದರು.

ಮಾಗುಂಡಪ್ಪ ನೋಡಿದ್ದ. ನೋಡಿದ್ದನ್ನು ನೋಡಿಲ್ಲವೆನ್ನುವುದು ಅವನಿಂದಾಗಲಿಲ್ಲ. ಆ ವರ್ಷದ ದೀಪದ ಹಬ್ಬದಲ್ಲಿ, ನೆರೆದ ಜನರೆದುರು, "ಅದು ಆರಿತ್ರೀ. ಕಡ್ಡಿ ಗೀರಿ ಹಚ್ಯಾರ" ಎಂದುಬಿಟ್ಟ. ದೀಪ ಆರಿದ್ದಕ್ಕೆ ಅವನ ಭಕ್ತಿಗೇನೂ ಆಗಿರಲಿಲ್ಲ. ಸುಳ್ಳು ಹೇಳೆಂದು ಹಿರಿಯರು ಗದರಿದಾಗ ಅವನೊಳಗೆ ಏನೋ ಮುರಿಯಿತು. ಮಠದ ಮೆಟ್ಟಿಲು ತುಳಿಯುವುದನ್ನೇ ಬಿಟ್ಟ. ಮಠ ಅವನನ್ನು ಧರ್ಮಭ್ರಷ್ಟನೆಂದು ಸಾರಿತು.

ಆ ಪಂಥದಲ್ಲೊಂದು ಪದ್ಧತಿಯುಂಟು. ಭ್ರಷ್ಟನೆನಿಸಿಕೊಂಡವನ ಹೆಸರಿನಲ್ಲಿ ಪ್ರತಿವರ್ಷ ಹಬ್ಬದ ಪಂಕ್ತಿಯಲ್ಲಿ ಒಂದು ಎಲೆಯನ್ನು ಬೋರಲು ಹಾಕಬೇಕು. ಹಾಕಬೇಕಾದವರು ಬೇರೆ ಯಾರೋ ಅಲ್ಲ, ಹೆತ್ತವರು, ಒಡಹುಟ್ಟಿದವರು ಇಲ್ಲವೇ ಮಕ್ಕಳು. ಹಾಕದಿದ್ದರೆ ಅವರೂ ಭ್ರಷ್ಟರು. ಭ್ರಷ್ಟನ ಸಾಲಿನಲ್ಲಿ ಕುಳಿತು ಉಂಡವರೂ ಭ್ರಷ್ಟರೇ. ಅಂಥವರಿಗೆ ಸತ್ತ ಮೇಲೆ ಪಂಥದ ಮಣ್ಣಿನಲ್ಲಿ ಜಾಗವಿಲ್ಲ.

ಮೊದಲ ವರ್ಷ ಮಾಗುಂಡಪ್ಪ ಬಾಗಿಲ ಹೊರಗೆ ನಿಂತು ನೋಡಿದ್ದ. ಅವನ ತಾಯಿ ತೋಟವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು, ಎಲೆಯನ್ನು ಮಗುಚಿ ಹಾಕಿದಳು, ತಲೆಯೆತ್ತದೆ ಪಕ್ಕಕ್ಕೆ ಸರಿದಳು. ಅಷ್ಟೇ. ಜೊತೆಗೆ ಆಡಿ ಬೆಳೆದವರು ಸಂತೆಯಲ್ಲಿ, "ಏನಪಾ ಭ್ರಷ್ಟಪ್ಪ, ಇವತ್ತ ಯಾವ ದೀಪ ಆರಸಾಕ ಹೊಂಟಿ?" ಎಂದು ನಗುವರು. ಕ್ಷೌರದವನು ಇವನನ್ನು ಕಂಡ ಕೂಡಲೇ, "ಕತ್ತರಿ ಮೊಂಡ ಆಗೈತಿ, ನಾಳೆ ಬಾ" ಎನ್ನುವನು. ಅದೆಲ್ಲವನ್ನೂ ಮಾಗುಂಡಪ್ಪ ನುಂಗಿಕೊಂಡ. ತಾಯಿ ತಲೆಯೆತ್ತದೆ ಸರಿದದ್ದು ಮಾತ್ರ ಗಂಟಲಲ್ಲೇ ನಿಂತಿತು.

ಹೀಗೆ ಅಜ್ಜನವರ ಬಳಿ ಬಂದವನು ಅಲ್ಲೇ ಸೇವೆಗೆ ನಿಂತ. ಆದರೆ ಅವನ ಬಾಯಲ್ಲಿ ದೇವರ ನಾಮಕ್ಕಿಂತ ಪಂಥದವರ ನಿಂದೆಯೇ ಹೆಚ್ಚು. "ಅಜ್ಜಾರ, ಅವರದು ಸುಳ್ಳು ಧರ್ಮ ಅಂತ ಒಂದ ಮಾತು ನಿಮ್ಮ ಬಾಯಿಂದ ಬರಲಿ" ಎಂದು ದಿನವೂ ಪೀಡಿಸುವನು. "ಉಂಡಿಯೇನು?" ಎಂದಷ್ಟೇ ಕೇಳುವರು ಅಜ್ಜನವರು.

ವರ್ಷಗಳು ಉರುಳಿದವು. ಒಂದು ಮಧ್ಯಾಹ್ನ, ಸಾಲು ಕೂತಾಗಿದೆ, ಕೋಲೂರಿಕೊಂಡು ಒಬ್ಬ ಮುದುಕಿ ಬಂದು ಕೊನೆಗೆ ಕುಳಿತಳು. ಎಲೆಗಳ ಕಟ್ಟನ್ನು ತೋಳಿನ ಮೇಲಿಟ್ಟುಕೊಂಡು ಒಂದೊಂದೇ ಹಾಕುತ್ತ ಬಂದ ಮಾಗುಂಡಪ್ಪ ಅವಳೆದುರು ನಿಂತ. ತೋಟವ್ವ! ಮುಖ ಒಣಗಿ ಚಿಕ್ಕದಾಗಿತ್ತು. ಅವಳು ಮಗನನ್ನು ನೋಡಿದಳು. ಅವನು ನೋಡಲಿಲ್ಲ. ಒಂದು ಎಲೆ ತೆಗೆದು, ಮಗುಚಿ, ಅವಳ ಮುಂದೆ ಹಾಕಿದ.

ಪಕ್ಕದಲ್ಲಿ ಕುಳಿತಿದ್ದ ಗಾಡಿ ಹೊಡೆಯುವ ಸಿದ್ರಾಮ, "ಏ ಮಾಗುಂಡಣ್ಣ, ಎಲಿ ಡಬ್ಬ ಬಿದ್ದೈತಿ ನೋಡು" ಎಂದ.

"ಬಿದ್ದಿಲ್ಲ. ಹಾಕೀನಿ. ಯಾಕಂತ ಆಕಿಗೆ ಗೊತ್ತೈತಿ."

"ಗೊತ್ತೈತಪಾ" ಎಂದಳು ತೋಟವ್ವ. ಎದ್ದು ಹೋಗಲಿಲ್ಲ. ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಹಾಗೇ ಕುಳಿತಳು.

ನುಚ್ಚಿನ ಪಾತ್ರೆ ಹಿಡಿದವರು ನಿಂತಲ್ಲೇ ನಿಂತರು. ಅಜ್ಜನವರು ಕಂಬಳಿಯಿಂದೆದ್ದು ಮೆಲ್ಲಗೆ ಬಂದು, ಆ ತಾಯಿಯ ಮಗ್ಗುಲಲ್ಲಿ ನೆಲಕ್ಕೆ ಕುಳಿತರು. ಬೋರಲಾದ ಎಲೆಯನ್ನು ನೋಡಿದರು.

"ಮಾಗುಂಡ, ಹಿಂಗ ಎಲಿ ಹಾಕೂದು ಯಾರ ಪದ್ಧತಿಯಪಾ?"

"ಅವರದರೀ. ಆ ಪಂಥದವರದು."

"ಹೌದಾ?" ಎಂದರು ಅಜ್ಜನವರು. "ನೀ ಅದನ್ನ ಬಿಟ್ಟು ಬಂದಿ ಅಂತ ತಿಳಿದಿದ್ದೆ ನಾನು."

ಮಾಗುಂಡಪ್ಪನ ತೋಳಿನಿಂದ ಎಲೆಗಳ ಕಟ್ಟು ಜಾರಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಪಂಥ ಅವನನ್ನು ಹೊರಗೆ ಹಾಕಿತ್ತು, ಅವನು ಮಾತ್ರ ಪಂಥದ ಅತ್ಯಂತ ಕ್ರೂರವಾದ ಪೂಜೆಯೊಂದನ್ನು ಇಷ್ಟು ವರ್ಷವೂ ಎದೆಯಲ್ಲಿ ನಡೆಸಿಕೊಂಡೇ ಬಂದಿದ್ದ. ಇವತ್ತು ಅದನ್ನು ಕೈಯಾರೆ ನೆರವೇರಿಸಿದ್ದ.

ತಾಯಿಯೆದುರು ಕುಕ್ಕರಿಸಿ, "ಯಾಕ ಬಂದಿ ಯವ್ವ?" ಎಂದ.

"ಊಟಕ್ಕ ಬಂದೀನಿ. ನಿನ್ನ ತಂಗಿ ಮದಿವಿ ಆತು. ಒಳ್ಳೆ ಮನಿ ಸಿಕ್ಕೈತಿ. ಇನ್ನ ನಾ ಯಾರಿಗೆ ಅಂಜಲಿ?"

ಅವಳು ತಲೆಯೆತ್ತದೆ ಸರಿದದ್ದು ಯಾರ ಸಲುವಾಗಿ ಎಂದು ಅವನಿಗೆ ಹೊಳೆದದ್ದು ಆಗ.

"ಇಲ್ಲಿ ಉಂಡ್ರ ಅಪ್ಪನ ಮಗ್ಗಲ ನಿನಗ ಜಾಗಾ ಕೊಡೂದಿಲ್ಲ ಅವರು."

"ನಿಮ್ಮಪ್ಪ ಬದುಕಿದ್ದಾಗರ ಜಾಗಾ ಬಿಟ್ಟು ಮಲಗಿದ್ನೇನು? ಇಡೀ ಕೌದಿ ತಾನ ಹೊದ್ದಕೊಂತಿದ್ದ" ಎಂದಳು ಮುದುಕಿ. ಸಾಲಿನಲ್ಲಿ ಯಾರೋ ನಗಲು ಹೋಗಿ ಕಣ್ಣೊರೆಸಿಕೊಂಡರು. "ಎಲಿ ಹೊಳ್ಳಿಸು. ಹಸದೀನಿ."

ಮಾಗುಂಡಪ್ಪ ಎಲೆ ತಿರುಗಿಸಿ, ಅಂಟಿದ ಮಣ್ಣನ್ನು ತನ್ನ ಪಂಚೆಯಿಂದ ಒರೆಸಿದ. ಅಜ್ಜನವರೇ ಬಡಿಸಿದರು. ತಾಯಿಯೂ ಮಗನೂ ಮಗ್ಗುಲು ಮಗ್ಗುಲಲ್ಲಿ ಕುಳಿತು ಉಂಡರು. ಆ ತುತ್ತು ಅಮೃತವಾಯಿತೆಂದು ಬರೆದರೆ ಸುಳ್ಳಾದೀತು. ಹೋದ ವರ್ಷಗಳು ಹೋಗಿಯೇ ಇದ್ದವು. ಆ ಕಹಿ ಇಬ್ಬರ ಬಾಯಲ್ಲೂ ಇತ್ತು.

ಹೊತ್ತು ಮುಳುಗುವುದರೊಳಗೆ ಸುದ್ದಿ ಮಠ ತಲುಪಿತು. ತೋಟವ್ವನೂ ಭ್ರಷ್ಟಳಾದಳು. ಮಗನ ಮನೆಯಲ್ಲಿ ಅವಳು ಬದುಕಿದ್ದು ಒಂದು ಮಳೆಗಾಲ, ಒಂದು ಚಳಿಗಾಲ. ಹೆಣ ಹೊತ್ತುಕೊಂಡು ಹೋದಾಗ ಪಂಥದ ಸಮಾಧಿಭೂಮಿಯ ಗೇಟಿಗೆ ಬೀಗ ಬಿದ್ದಿತ್ತು. ಹಿಂದಕ್ಕೆ ತಂದು ಭಟ್ಟಿಯ ಹಿಂದಿನ ದಂಡೆಯಲ್ಲಿ ಮಣ್ಣು ಮಾಡಿದರು. ಮೊದಲ ಹಿಡಿ ಮಣ್ಣನ್ನು ಅಜ್ಜನವರು ಹಾಕಿದರು.

ಆ ವರ್ಷದ ದೀಪದ ಹಬ್ಬ ಮುಗಿಸಿ ಬಂದ ಯಾರೋ ಸುದ್ದಿ ತಂದರು: ತೋಟವ್ವನ ಹೆಸರಿನ ಎಲೆಯನ್ನು ಅವಳ ಮಗಳೇ ಬೋರಲು ಹಾಕಿದಳಂತೆ. ಚಪ್ಪರದ ಹುಡುಗರು ಕುದಿದುಹೋದರು. "ಸತ್ತ ತಾಯಿಗೆ! ಆಕಿ ಕೈಯಾಗ ಹುಳ ಬೀಳಲಿ!" ಎಂದ ಸಿದ್ರಾಮ.

ಇಂಥ ಮಾತನ್ನು ಎಲ್ಲರಿಗಿಂತ ಮೊದಲು ಆಡುತ್ತಿದ್ದವನು ಮಾಗುಂಡಪ್ಪ. ಎಲ್ಲರೂ ಅವನ ಮುಖ ನೋಡಿದರು. ಅವನು ಹೊಳೆಯ ಕಡೆ ತಿರುಗಿದ.

"ಹಂಗನಬ್ಯಾಡೋ ತಮ್ಮಾ" ಎಂದ. "ಬಸರಿ ಅದಾಳ ಆಕಿ. ಹೊಟ್ಟ್ಯಾಗಿನ ಕೂಸಿನ ಸಲುವಾಗಿ ಹಾಕ್ಯಾಳ. ಪಾಪ, ನನ್ನ ತಂಗಿ... ಆ ಮ್ಯಾಲ ಉಂಡಾಳೋ ಇಲ್ಲೋ."

ಅಜ್ಜನವರು ಕಂಬಳಿಯ ಮೇಲಿಂದ ಅವನನ್ನು ನೋಡಿದರು. ಅಂದು, "ಉಂಡಿಯೇನು?" ಎಂದು ಅವನನ್ನು ಕೇಳಲಿಲ್ಲ.

ಓದಿದವರಿಗೂ ಕುಳಿತು ಕೇಳಿದವರಿಗೂ, ತಮ್ಮವರಿಂದಲೇ ಹೊರಗಾದವರಿಗೂ, ಅಂಜಿಕೊಂಡು ಒಳಗೇ ಉಳಿದವರಿಗೂ ಪೂಜ್ಯ ಅಡವೆಯ್ಯ ಅಜ್ಜನವರ ಕೃಪೆ ಇರಲಿ. ಎಲ್ಲರ ಹೊಟ್ಟೆ ತಣ್ಣಗಿರಲಿ.