ಕಪ್ಪೆ ಆರಿಸಿದ ಹಾಡು

ಕೆರೆಯ ಹಿರಿಯ ಕಪ್ಪೆಯ ಮಗಳ ಮದುವೆಗೆ ಜೀರುಂಡೆಗಳ ಮೇಳ ಬಂದಿತ್ತು. ಮೇಳ ರಾಗ ನುಡಿಸುತ್ತಿತ್ತು, ನೆಂಟರು ತಮಗಿಷ್ಟವಾದ ಹಾಡು ಹೇಳುತ್ತಿದ್ದರು. ಪಿಕಳಾರ ಹಕ್ಕಿಯಂತೂ ತಾರಸ್ಥಾಯಿಯಲ್ಲಿ ಹಾಡಿ ಇಡೀ ಚಪ್ಪರವನ್ನೇ ಕುಣಿಸಿತು.

ಕಪ್ಪೆಗೆ ಹುರುಪೇರಿತು. "ನನಗೂ ಅದೇ ಹಾಡು ನುಡಿಸಿ!"

"ಯಜಮಾನರೇ, ಅದು ಬಹಳ ಮೇಲೇರುತ್ತದೆ," ಎಂದಿತು ಜೀರುಂಡೆ.

"ಏರಲಿ! ಮಗಳ ಮದುವೆಯಲ್ಲಿ ಅಪ್ಪ ತಗ್ಗಿದ ದನಿಯಲ್ಲಿ ಹಾಡುವುದೇ?"

ಎರಡನೆಯ ಸಾಲಿಗೇ ದನಿ ಒಡೆದು ಕೀಚಲು ಸದ್ದು ಹೊರಟಿತು. ಬೀಗರು ಗೊಳ್ಳೆಂದು ನಕ್ಕರು. ನಾಚಿದ ಕಪ್ಪೆ ನೀರಿಗೆ ಧುಮುಕಲು ಹೊರಟಾಗ ಮದುಮಗಳು ಓಡಿಬಂದು ಕೈಹಿಡಿದಳು.

"ಅಪ್ಪಾ, ನನ್ನನ್ನು ಮಲಗಿಸುವಾಗ ಹಾಡುತ್ತಿದ್ದೆಯಲ್ಲ, ಅದನ್ನು ಹಾಡು."

"ಅದು ತೀರಾ ಕೆಳದನಿಯ ಜೋಗುಳ ಕಣೇ."

"ನನಗೆ ಅದೇ ಬೇಕು."

ಕಪ್ಪೆ ಹಾಡಿತು. ಆ ಮಂದ್ರಕ್ಕೆ ಕೆರೆಯ ನೀರು ನಡುಗಿತು, ದಡ ಗುಂಯ್‌ಗುಟ್ಟಿತು, ಬೀಗರು ಎದ್ದು ಕುಪ್ಪಳಿಸತೊಡಗಿದರು. ಪಿಕಳಾರವೂ ದನಿಗೂಡಿಸಲು ನೋಡಿತು. ಹಾಡು ಕೆಳಗಿಳಿದಂತೆ ಅದರ ಕೊರಳಿನಿಂದ ಬರೀ ಗಾಳಿ ಬಂತು. ಅದು ನಗುತ್ತ ರೆಕ್ಕೆ ಬಡಿದು ಕೂಗಿತು: "ಯಜಮಾನರೇ, ಇನ್ನೊಮ್ಮೆ! ನೀವು ಹಾಡಿ, ನಾನು ತಾಳ ಹಾಕುತ್ತೇನೆ!"