ಸುಗ್ಗಿ ಹಬ್ಬದ ಲಿಲಾವಿನಲ್ಲಿ ಒಂದು ದಿನದ ಅಡಿಗೆ

ಪೂಜ್ಯ ದೇವದಾನ ಅಯ್ಯನವರು ನಮ್ಮ ನೇಕಾರ ಓಣಿಯ ಕ್ರೈಸ್ತ ಸಭೆಗೆ ಪಾಲಕರಾಗಿದ್ದ ಕಾಲದಲ್ಲಿ ದೇವಾಲಯದ ಹಿಂದಿನ ಎರಡು ಕೋಣೆಗಳ ಮನೆಯಲ್ಲಿ ವಾಸವಾಗಿದ್ದರು. ಆ ಮನೆಯಲ್ಲಿ ಯಾವ ವಸ್ತುವೂ ಬಹಳ ಕಾಲ ನಿಲ್ಲುತ್ತಿರಲಿಲ್ಲ. ಹೊಸ ಕಂಬಳಿ ಬಂತೆಂದರೆ ಚಳಿ ಬೀಳುವ ಮೊದಲೇ ಅದು ಇನ್ನೊಬ್ಬರ ಮೈಮೇಲೆ ಇರುತ್ತಿತ್ತು. "ಇನ್ನ ಯಾರಿಗೂ ಕೊಡದ ಉಳದಾಕಿ ಅಂದ್ರ ನಾ ಒಬ್ಬಾಕಿನ" ಎಂದು ಅವರ ಧರ್ಮಪತ್ನಿ ಲೇಯಮ್ಮನವರು ಬಂದವರೆದುರು ಹೇಳಿ ನಗುತ್ತಿದ್ದರು. ಅದಕ್ಕೆ ಅಯ್ಯನವರು, "ಕೇಳಾಕ ಧೈರ್ಯ ಬೇಕಲ್ಲ!" ಎನ್ನುತ್ತಿದ್ದರು. ಭಕ್ತಿಯೆಂದರೆ ಮುಖ ಗಂಟಿಕ್ಕಿಕೊಂಡು ಕೂಡುವುದೆಂದು ತಿಳಿದವರು ಆ ಮನೆಗೊಮ್ಮೆ ಬಂದು ಹೋಗಬೇಕಿತ್ತು.

ಸಭೆಯ ಹಿರಿಯರು ಗಿದ್ಯೋನಪ್ಪನವರು. ಓಣಿಯ ಅರ್ಧ ಮಗ್ಗಗಳು ಅವರವೇ. ಹೆಂಡತಿ ತೀರಿಕೊಂಡ ಮೇಲೆ ಒಬ್ಬಳೇ ಮಗಳು ಎಸ್ತೇರಳನ್ನು ಅಂಗೈಯಲ್ಲಿಟ್ಟು ಬೆಳೆಸಿದ್ದರು. ಆಕೆ ಬ್ಯಾಂಡ್ ಮೇಳದಲ್ಲಿ ಕ್ಲಾರಿಯೊನೆಟ್ ಊದುವ ಫಿಲೆಮೋನನನ್ನು ಮೆಚ್ಚಿ ಮದುವೆಯಾದಳು. ಹುಡುಗ ನಮ್ಮ ಸಭೆಯವನೇ, ದುಡಿಯುವವನು, ಕುಡಿಯದವನು. ಆದರೂ ಗಿದ್ಯೋನಪ್ಪನವರು, "ಮದುವಿಗೂ ಮಣ್ಣಿಗೂ ಒಂದ ಬಾಯಿಲೆ ಊದಾವಗ ನನ್ನ ಮಗಳೇನು?" ಎಂದು ಬಾಗಿಲು ಹಾಕಿಕೊಂಡುಬಿಟ್ಟರು. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೇ? ವರ್ಷಗಳು ಉರುಳಿದವು. ಒಂದೇ ದೇವಾಲಯ, ತಂದೆ ಮುಂದಿನ ಬೆಂಚಿನಲ್ಲಿ, ಮಗಳು ಹಿಂದೆ ಹೆಂಗಸರ ಚಾಪೆಯ ಮೇಲೆ. ಮುಖ ಕೊಟ್ಟು ಮಾತಿಲ್ಲ.

ಅಯ್ಯನವರು ಒಮ್ಮೆ ಈ ಮಾತು ತೆಗೆದಾಗ ಗಿದ್ಯೋನಪ್ಪನವರು ಖಡಾಖಂಡಿತವಾಗಿ, "ಕ್ಷಮಾ ಅನ್ನೋದು ನೀವು ಐತಾರ ಮಾಡೋ ಪ್ರಸಂಗದಾಗ ಚಂದ ಅಯ್ಯನವರ. ಮನ್ಯಾಗ ನಡಿಯಂಗಿಲ್ಲ" ಎಂದರು. ಅಯ್ಯನವರು ಕೋಪಿಸಿಕೊಳ್ಳಲಿಲ್ಲ. "ಹಂಗಾದ್ರ ಪ್ರಸಂಗ ಬಿಡೋಣು" ಎಂದಷ್ಟೇ ಹೇಳಿ ಎದ್ದು ಬಂದರು.

ಆ ವರ್ಷದ ಸುಗ್ಗಿ ಹಬ್ಬ ಬಂತು. ಅಂದು ಸಭೆಯವರೆಲ್ಲ ಮೊದಲ ಬೆಳೆಯನ್ನು ದೇವರಿಗೆ ತಂದೊಪ್ಪಿಸುತ್ತಾರೆ. ಕುಂಬಳಕಾಯಿ, ಜೋಳದ ತೆನೆ, ಕಾಲು ಕಟ್ಟಿದ ಕೋಳಿ, ಎಲ್ಲವೂ ಆರಾಧನೆಯ ನಂತರ ಲಿಲಾವಾಗಿ, ಹೆಚ್ಚು ಬೆಲೆ ಕೂಗಿದವರ ಪಾಲಾಗುತ್ತವೆ. ಹಣವಿಲ್ಲದವರು ಕಾಳಿನ ಲೆಕ್ಕದಲ್ಲೂ ಕೂಗಬಹುದು. ಹೊಲ ಮನೆ ಇಲ್ಲದವರು ತಮ್ಮ ಒಂದು ದಿನದ ದುಡಿಮೆಯನ್ನೇ ಕಾಣಿಕೆಯಾಗಿ ಕೊಡುವುದು ನಮ್ಮಲ್ಲಿ ರೂಢಿ. ಲಿಲಾವು ಕೂಗುವವರು ಅಯ್ಯನವರೇ. ಅವರು ಕೂಗಲು ನಿಂತರೆಂದರೆ ಕೋಳಿಯೂ ನಗಬೇಕು, ಹಾಗೆ.

"ಎಸ್ತೇರವ್ವ, ಒಂದು ದಿನದ ಅಡಗಿ! ಕೊಂಡವರ ಮನಿಗೆ ಹೋಗಿ ಮಾಡಿಕೊಡತಾಳ! ಕೂಗ್ರಿ!"

ಯಾರೂ ಕೂಗಲಿಲ್ಲ. ಎಸ್ತೇರಳ ಕೈರುಚಿ ಓಣಿಗೆಲ್ಲ ಗೊತ್ತು. ಆದರೆ ಹೆಚ್ಚಿನವರು ಗಿದ್ಯೋನಪ್ಪನವರ ಮಗ್ಗದ ಮೇಲೆ ಕೂತು ಉಣ್ಣುವವರು. ಎಲ್ಲರ ಕಣ್ಣು ಮುಂದಿನ ಬೆಂಚಿಗೆ ಹೋಯಿತು. ಅಲ್ಲಿ ಗಿದ್ಯೋನಪ್ಪನವರು ಕಲ್ಲಿನ ಹಾಗೆ ಕೂತಿದ್ದರು. ಅಯ್ಯೋ, ದೇವರಿಗೆಂದು ಕೊಟ್ಟದ್ದು ಯಾರಿಗೂ ಬೇಡವಾಗಿ ತಿರುಗಿ ಹೋದರೆ ಅದಕ್ಕಿಂತ ಅಪಮಾನ ಉಂಟೇ? ಎಸ್ತೇರಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಂದು ಹಾಗೆಯೇ ಎದ್ದು ಹೋಗಿದ್ದರೆ ಮತ್ತೆಂದೂ ದೇವಾಲಯದ ಹೊಸ್ತಿಲು ತುಳಿಯುತ್ತಿರಲಿಲ್ಲವೆಂದು ಆಕೆಯೇ ಮುಂದೆ ಹೇಳಿದ್ದುಂಟು.

"ಎರಡು ಸೇರು ಜ್ವಾಳ!" ಎಂಬ ಕೂಗು ಕೇಳಿತು. ಕೂಗಿದವರು ಅಯ್ಯನವರೇ!

ಒಡನೆಯೇ ಅತ್ತ ತಿರುಗಿ, "ಎರಡು ಸೇರು ಅಂದಾವ ಯಾರಪಾ, ಇಂಥಾ ಜಿಪುಣ? ನಾಕು ಸೇರು!" ಎಂದರು. ಮತ್ತೆ ಇತ್ತ ತಿರುಗಿ, "ನಾಕು ಅಂದಾವಗ ನಾ ಸೋಲಂಗಿಲ್ಲ. ಆರು!" ಎಂದರು.

ಹೆಂಗಸರ ಕಡೆಯಿಂದ ಲೇಯಮ್ಮನವರು ಎದ್ದು ನಿಂತರು. "ಅಲ್ರೀ, ನಿಮ್ಮ ಜೋಡಿ ನೀವ ಯಾಕ ಜಿದ್ದಿಗೆ ಬಿದ್ದೀರಿ? ಮನ್ಯಾಗ ಇರೋದ ಅಷ್ಟು ಜ್ವಾಳ!"

"ಹಂಗಾದ್ರ ಮನ್ಯಾಗ ಇದ್ದದ್ದೆಲ್ಲಾ! ಒಂದನೇ ಸಲ, ಎರಡನೇ ಸಲ, ಮೂರನೇ ಸಲ!"

ದೇವಾಲಯ ನಗೆಯಿಂದ ತುಂಬಿಹೋಯಿತು. ಅಳುತ್ತಿದ್ದ ಎಸ್ತೇರಳಿಗೂ ನಗು ತಡೆಯಲಾಗಲಿಲ್ಲ. ನಗು ಇಳಿದ ಮೇಲೆ ಅಯ್ಯನವರು ಮುಂದಿನ ಬೆಂಚಿನ ಬಳಿ ಬಂದು ಕೈಮುಗಿದರು.

"ಹಿರಿಯರ, ನಮ್ಮ ಜ್ವಾಳ ಎಲ್ಲಾ ತೀರಿತು. ಇನ್ನ ನಮ್ಮ ಒಲಿಮ್ಯಾಲೆ ಏನು ಇಡೋದು? ನಾಳೆ ಮಧ್ಯಾಹ್ನ ನಿಮ್ಮ ಮನಿಗೆ ಊಟಕ್ಕ ಬರತೀವಿ. ಅಡಗಿ ಮಾಡಾಕಿನ್ನ ನಾವ ಕರಕೊಂಡು ಬರತೀವಿ."

ದೇವರ ಸೇವಕರು ಸಭೆಯೆದುರು ನಿಂತು ಅನ್ನ ಕೇಳಿದರೆ ಇಲ್ಲವೆನ್ನುವುದು ಹೇಗೆ? ಗಿದ್ಯೋನಪ್ಪನವರ ಮುಖ ಕೆಂಪೇರಿತು. "ಬರ್ರಿ. ಆದರ ಆಕಿ ಮಾಡಿದ್ದು ನಾ ಉಣ್ಣಂಗಿಲ್ಲ" ಎಂದರು.

"ನೀವು ಜೋಡಿ ಕುಂತ್ರ ಸಾಕು" ಎಂದರು ಅಯ್ಯನವರು.

ಮರುದಿನ ನಡೆದದ್ದನ್ನು ಲೇಯಮ್ಮನವರ ಬಾಯಿಂದಲೇ ನಾವು ಎಷ್ಟೋ ಸಲ ಕೇಳಿದ್ದೇವೆ. ಎಸ್ತೇರಳು ತವರಿನ ಅಡಿಗೆಮನೆಗೆ ಹೊಕ್ಕಳು. ಗಿದ್ಯೋನಪ್ಪನವರು ಪಡಸಾಲೆಯಲ್ಲಿ ಬಾಗಿಲಿಗೆ ಬೆನ್ನು ಮಾಡಿ ಕೂತರು. ಬಹಳ ದಿನದಿಂದ ಖಾನಾವಳಿಯ ಊಟ ಉಂಡು ನಾಲಿಗೆ ಸತ್ತಿದ್ದ ಮನುಷ್ಯ. ಎಣಗಾಯಿ ಬೇಯುವ ವಾಸನೆ ಮೂಗಿಗೆ ಬಡಿದರೂ ಅಲುಗಲಿಲ್ಲ. ಹಟವೆಂದರೆ ಹಟ! ತಾಟು ಹಾಕಿದ ಮೇಲೆ ಅಯ್ಯನವರ ಮರ್ಯಾದೆಗೆಂದು ಬಂದು ಕೂತರು. ಲೇಯಮ್ಮನವರು ಅವರ ಮುಂದೆಯೂ ಒಂದು ತಾಟು ಇಟ್ಟರು.

ಅಯ್ಯನವರು ಕಣ್ಣು ಮುಚ್ಚಿ ಪ್ರಾರ್ಥಿಸಿದರು. "ಕರ್ತನೇ, ಈ ರೊಟ್ಟಿಗಾಗಿ ಸ್ತೋತ್ರ. ರೊಟ್ಟಿ ಬಡಿದ ಕೈಗಳಿಗಾಗಿ ಸ್ತೋತ್ರ. ಆ ಕೈಹಿಡಿದು ನಡೆಯಲು ಕಲಿಸಿದ ತಂದೆಗಾಗಿ ಸ್ತೋತ್ರ. ಈ ಮನೆಯ ಮಗಳೂ ಅಳಿಯನೂ ಈ ತಂದೆಯ ಮಗ್ಗುಲಲ್ಲಿ ಕೂತು ಉಣ್ಣುವಂತೆ ಕರುಣಿಸು."

ಅಷ್ಟೇ. ಮುಂದೆ ಮಾತಿಲ್ಲ. ಆಮೆನ್ ಎನ್ನದೆ ತುತ್ತು ಎತ್ತುವಂತಿಲ್ಲ; ಅಯ್ಯನವರು ಆಮೆನ್ ಎನ್ನಲೊಲ್ಲರು. ರೊಟ್ಟಿ ಆರುತ್ತಿತ್ತು. ಗಿದ್ಯೋನಪ್ಪನವರು ಕಣ್ಣು ತೆರೆದರು. ಎದುರಿಗೆ ಅಯ್ಯನವರು ಕೈಮುಗಿದು ಪ್ರಸನ್ನರಾಗಿ ಕೂತಿದ್ದಾರೆ. ಅಡಿಗೆಮನೆಯ ಬಾಗಿಲಲ್ಲಿ ಮಗಳು ಕಣ್ಣು ಮುಚ್ಚಿ ನಿಂತಿದ್ದಾಳೆ, ಕೆನ್ನೆಯ ಮೇಲೆ ನೀರು.

"ಪ್ರಾರ್ಥನಿ ಮುಗಸ್ರಿ ಅಯ್ಯನವರ" ಎಂದರು ತಗ್ಗಿದ ದನಿಯಲ್ಲಿ.

ಅಯ್ಯನವರು ಕಣ್ಣು ತೆರೆಯದೆಯೇ ನುಡಿದರು: "ಬೇಡೋದಷ್ಟ ನನ್ನ ಕೆಲಸ ಹಿರಿಯರ. ಮನಿ ನಿಮ್ದು, ಆಮೆನ್ ನೀವ ಅನಬೇಕು."

ಗಿದ್ಯೋನಪ್ಪನವರು ಮುಂದಿದ್ದ ತಾಟು ನೋಡಿದರು, ಮಗಳನ್ನು ನೋಡಿದರು. ಕೊನೆಗೆ "ಆಮೆನ್" ಎಂದರು. ಅದರ ಹಿಂದೆಯೇ ಅಳು ಒತ್ತರಿಸಿ ಬಂತು. ಎಸ್ತೇರಳು ಓಡಿ ಬಂದು ಕಾಲ ಬಳಿ ಕೂತಳು. ತಂದೆ ಮಗಳ ತಲೆಯ ಮೇಲೆ ಕೈಯಿಟ್ಟು, ಅಳುತ್ತಲೇ ಗದರಿದರು. "ನಿನ್ನ ಗಂಡ ಎಲ್ಲಿ? ಅವನ್ನ ಊಟಕ್ಕ ಕರೀಲಿಕ್ಕೆ ಬ್ಯಾಂಡ್ ಹಚ್ಚಿ ಮೆರವಣಿಗಿ ತರಬೇಕೇನು?" ಅಯ್ಯನವರು ನಗು ತಡೆಯಲಾರದೆ ಕಣ್ಣೊರೆಸಿಕೊಂಡರು. ಫಿಲೆಮೋನ ಬಂದ. ಅಂದು ಆ ಮನೆಯಲ್ಲಿ ಒಂದು ಚೂರು ರೊಟ್ಟಿಯೂ ಉಳಿಯಲಿಲ್ಲವಂತೆ.

ಮಹಾತ್ಮರು ಎಂದು ನಾವು ಯಾರನ್ನೋ ದೂರದಲ್ಲಿ ಹುಡುಕುತ್ತೇವೆ. ನಮ್ಮ ಪುಣ್ಯ, ನಮ್ಮ ಓಣಿಯಲ್ಲೇ ಒಬ್ಬರಿದ್ದರು.

ಇಳಿಹೊತ್ತಿಗೆ ಎಸ್ತೇರಳು ಪಾತ್ರೆ ತೊಳೆದು, ಒಲೆ ಸಾರಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಡಲು ನಿಂತಳು. ಕಾಣಿಕೆ ಕೊಟ್ಟದ್ದು ಒಂದೇ ದಿನದ ಅಡಿಗೆ, ಅದು ಮುಗಿದಿತ್ತು. "ಬರತೀನಿ ಅಪ್ಪಾ" ಎಂದಳು. ಗಿದ್ಯೋನಪ್ಪನವರು ಎಲೆಯಡಿಕೆ ಮೆಲ್ಲುತ್ತ, ಏನೂ ಆಗಿಯೇ ಇಲ್ಲವೆಂಬಂತೆ ಕೇಳಿದರು:

"ನಾಳಿಗೇನು ಮಾಡ್ತೀ ಅಡಗಿ?"